ಎನ್‌ಎಲ್‌ಆರ್ 5.6 ಬಂದಿದೆ, ಅಪ್ಪನನ್ನು ಅಡ್ಮಿಟ್ ಮಾಡಬೇಕಾ?

ಪ್ರಶ್ನೆ: ನನ್ನ ತಂದೆಗೆ 67 ವರ್ಷ. ಹತ್ತು ವರ್ಷದಿಂದ ಶುಗರ್ ಇದೆ. ನಾಲ್ಕು ದಿನದಿಂದ ಜ್ವರ, ಕೆಮ್ಮು, ಮೈಕೈ ನೋವು. ಮೊದಲೆರಡು ದಿನ ಮೆಡಿಕಲ್ ಶಾಪ್‌ನಲ್ಲಿ ಕೊಟ್ಟ ಮಾತ್ರೆ ತಗೊಂಡರು. ನಿನ್ನೆ ರಕ್ತ ಪರೀಕ್ಷೆ ಮಾಡಿಸಿದೆವು. ಬಿಳಿ ರಕ್ತಕಣ 9,800, ನ್ಯೂಟ್ರೋಫಿಲ್ 78, ಲಿಂಫೋಸೈಟ್ 14, ಸಿಆರ್‌ಪಿ 48 ಬಂದಿದೆ. ಮನೆಯ ಆಕ್ಸಿಮೀಟರ್ 96 ತೋರಿಸುತ್ತದೆ. ನ್ಯೂಟ್ರೋಫಿಲ್ ಅಂಕಿಯನ್ನು ಲಿಂಫೋಸೈಟ್ ಅಂಕಿಯಿಂದ ಭಾಗಿಸಿದರೆ ಬರುವ ಎನ್‌ಎಲ್‌ಆರ್ 3 ದಾಟಿದರೆ ಅಪಾಯ ಎಂದು ಇಂಟರ್ನೆಟ್‌ನಲ್ಲಿ ಓದಿದೆ. ಅಪ್ಪನದು 5.6 ಬರುತ್ತದೆ. ಅಡ್ಮಿಟ್ ಮಾಡಬೇಕಾ? ಡಿ-ಡೈಮರ್, ಫೆರಿಟಿನ್, ಎಲ್‌ಡಿಎಚ್ ಸೇರಿದ ಪ್ಯಾಕೇಜ್ ಇದೆ ಎಂದು ಲ್ಯಾಬ್‌ನವರು ಹೇಳುತ್ತಿದ್ದಾರೆ. ಮಾಡಿಸಲಾ? ಮೂರು ವರ್ಷದ ಮಗಳಿಗೂ ಕೆಮ್ಮು ಶುರುವಾಗಿದೆ. ಅವಳ ರಿಪೋರ್ಟ್‌ನಲ್ಲಿ ಲಿಂಫೋಸೈಟ್ 56 ಎಂದು ದಪ್ಪ ಅಕ್ಷರದಲ್ಲಿ ಬಂದಿದೆ.

ಉತ್ತರ: ಮೊದಲು ಮುಖ್ಯ ಪ್ರಶ್ನೆಗೆ ಬರುತ್ತೇನೆ. 5.6 ಎಂಬ ಒಂದು ಅಂಕಿ ನೋಡಿ ಯಾರನ್ನೂ ಅಡ್ಮಿಟ್ ಮಾಡುವುದಿಲ್ಲ. ಆದರೆ ನಿಮ್ಮ ತಂದೆಯವರನ್ನು ನಾಳೆ ಬೆಳಿಗ್ಗೆ ಒಬ್ಬ ಫಿಸಿಷಿಯನ್ ನೋಡಲೇಬೇಕು, ಎದೆಯ ಎಕ್ಸ್‌ರೇ ಆಗಲೇಬೇಕು. ಅದಕ್ಕೆ ಕಾರಣ ಅವರ ವಯಸ್ಸು, ಶುಗರ್, ನಾಲ್ಕು ದಿನವಾದರೂ ಬಿಡದ ಜ್ವರ. ಎನ್‌ಎಲ್‌ಆರ್ 2 ಬಂದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಅದಕ್ಕೂ ಮುಂಚೆ ಇವತ್ತು ರಾತ್ರಿಯೇ ನೀವು ಮಾಡಬೇಕಾದ ಕೆಲಸವೊಂದಿದೆ. ಅದಕ್ಕೆ ಲ್ಯಾಬ್ ಬೇಡ, ಗಡಿಯಾರ ಸಾಕು. ಅಪ್ಪ ಟಿವಿ ನೋಡುತ್ತಲೋ ಒರಗಿಕೊಂಡೋ ಇರುವಾಗ, ಅವರಿಗೆ ಹೇಳದೆ, ಎದೆ ಅಥವಾ ಹೊಟ್ಟೆ ಎಷ್ಟು ಸಲ ಏರುತ್ತದೆ ಎಂದು ಎಣಿಸಿ. ಹೇಳಿದರೆ ಉಸಿರಾಟದ ರೀತಿಯೇ ಬದಲಾಗುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರು ತಪ್ಪಿದರೂ ನಾಲ್ಕರ ವ್ಯತ್ಯಾಸ ಬರುತ್ತದೆ. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಸಹಜ. 24 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಬೆಳಗಿನವರೆಗೆ ಕಾಯಬೇಡಿ. ಕೋವಿಡ್ ಕಾಲದಲ್ಲಿ ಏಮ್ಸ್ ಮತ್ತು ಐಸಿಎಂಆರ್ ಸೇರಿ ಕೊಟ್ಟ ಚಿಕಿತ್ಸಾ ಸೂಚಿಯಲ್ಲಿ ಮಧ್ಯಮ ಹಂತ ಎಂದರೆ ಉಸಿರು 24 ಅಥವಾ ಮೇಲೆ, ಇಲ್ಲವೇ ಆಕ್ಸಿಜನ್ 90ರಿಂದ 93. ಉಸಿರು 30 ದಾಟಿದರೆ ಅಥವಾ ಆಕ್ಸಿಜನ್ 90ಕ್ಕಿಂತ ಕೆಳಗಿದ್ದರೆ ತೀವ್ರ. ಗಮನಿಸಿ, ಆ ವಿಂಗಡಣೆಯಲ್ಲಿ ರಕ್ತ ಪರೀಕ್ಷೆಯ ಒಂದು ಅಂಕಿಯೂ ಇರಲಿಲ್ಲ.

ಆಮೇಲೆ ಅವರನ್ನು ಮನೆಯೊಳಗೇ ಆರು ನಿಮಿಷ ಮಾಮೂಲಿ ನಡಿಗೆಯಲ್ಲಿ ಓಡಾಡಿಸಿ. ಬೆರಳಿನ ಆಕ್ಸಿಮೀಟರ್ ಹಾಗೇ ಇರಲಿ, ನೀವು ಪಕ್ಕದಲ್ಲೇ ಇರಿ. ಕೂತಾಗ 96 ಇದ್ದದ್ದು ನಡೆದಾಗ 94ಕ್ಕಿಂತ ಕೆಳಗೆ ಬಂದರೆ, ಅಥವಾ ಮೂರ್ನಾಲ್ಕು ಅಂಕ ಇಳಿದರೆ, ಶ್ವಾಸಕೋಶಕ್ಕೆ ಕಷ್ಟವಾಗುತ್ತಿದೆ ಎಂದೇ ತಿಳಿಯಿರಿ. ತಲೆ ಸುತ್ತುತ್ತಿದೆ, ಎದ್ದು ನಿಲ್ಲಲಾಗದಷ್ಟು ಸುಸ್ತು ಎಂದರೆ ಈ ನಡಿಗೆ ಬೇಡವೇ ಬೇಡ, ನೇರ ಆಸ್ಪತ್ರೆಗೆ ಹೋಗಿ.

ಆಕ್ಸಿಮೀಟರ್ ಬಗ್ಗೆಯೂ ಒಂದು ಮಾತು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ಅದು ತಪ್ಪು ತೋರಿಸುತ್ತದೆ. ಹಾಕಿದ ತಕ್ಷಣ ಕಾಣುವ ಅಂಕಿ ನಂಬಬೇಡಿ, ಅರ್ಧ ನಿಮಿಷ ನಿಲ್ಲಲಿ. ಚರ್ಮ ಕಪ್ಪಗಿದ್ದಷ್ಟೂ ಈ ಸಾಧನ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವ ಸಾಧ್ಯತೆ ಇದೆ. ಅಮೆರಿಕದ ಮಿಷಿಗನ್‌ನ ವೈದ್ಯರು 2020ರ ಕೊನೆಯಲ್ಲಿ ಇದನ್ನು ತೋರಿಸಿಕೊಟ್ಟರು. ಸಾಧನ 92ರಿಂದ 96 ಎಂದಾಗಲೂ ನಿಜಕ್ಕೂ ಆಕ್ಸಿಜನ್ ಕಡಿಮೆ ಇದ್ದವರು ಕಪ್ಪುವರ್ಣೀಯ ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು. ನಮ್ಮ ಮೈಬಣ್ಣದವರಿಗೂ ಈ ಎಚ್ಚರಿಕೆ ಸಲ್ಲುತ್ತದೆ. ಆದ್ದರಿಂದ 96 ಎಂಬುದನ್ನು ಉಸಿರಿನ ಎಣಿಕೆಯ ಜೊತೆಗಿಟ್ಟು ಓದಿ.

ಇನ್ನು ನೋಡಬೇಕಾದದ್ದು ಮನುಷ್ಯನನ್ನು. ಒಂದು ಇಡೀ ವಾಕ್ಯವನ್ನು ನಡುವೆ ಉಸಿರು ಎಳೆಯದೆ ಹೇಳುತ್ತಾರಾ? ದಿನ, ಜಾಗ ಸರಿಯಾಗಿ ಹೇಳುತ್ತಾರಾ, ಮಾತು ತೊದಲುತ್ತಿದೆಯಾ? ಮೂತ್ರ ಎಂದಿನಂತೆ ಹೋಗುತ್ತಿದೆಯಾ? ನೀರು, ಗಂಜಿ ಇಳಿಯುತ್ತಿದೆಯಾ? ಬಿಪಿ ಮೆಷಿನ್ ಇದ್ದರೆ ಮೇಲಿನ ಅಂಕಿ 90ಕ್ಕಿಂತ ಕೆಳಗಿದೆಯಾ ನೋಡಿ. ಶುಗರ್ ಕೂಡ ನೋಡಿ, ಸೋಂಕು ಬಂದಾಗ ಅದು ಏರುತ್ತದೆ. ಇವುಗಳಲ್ಲಿ ಒಂದು ಕೆಟ್ಟಿದ್ದರೂ ರಿಪೋರ್ಟ್ ಬದಿಗಿಟ್ಟು ಹೊರಡಿ.

ಇವೆಲ್ಲ ಸರಿ ಇದ್ದರೆ ಈಗ ನಿಧಾನವಾಗಿ ರಿಪೋರ್ಟ್ ಓದೋಣ.

ಎನ್‌ಎಲ್‌ಆರ್ ಹೊಸ ಪರೀಕ್ಷೆ ಏನಲ್ಲ. ಎಲ್ಲ ಲ್ಯಾಬ್‌ನಲ್ಲೂ ಮಾಡುವ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ರಿಪೋರ್ಟ್‌ನಲ್ಲಿ ನ್ಯೂಟ್ರೋಫಿಲ್, ಲಿಂಫೋಸೈಟ್ ಎಂಬ ಎರಡು ಬಗೆಯ ಬಿಳಿ ರಕ್ತಕಣಗಳ ಅಂಕಿಗಳನ್ನು ಭಾಗಿಸಿದರೆ ಸಿಗುತ್ತದೆ. ಸ್ಲೊವಾಕಿಯಾದ ಬ್ರಾಟಿಸ್ಲಾವಾದ ವೈದ್ಯ ಝಾಹೊರೆಕ್ 2001ರಲ್ಲಿ ಐಸಿಯು ರೋಗಿಗಳ ದೇಹ ಎಷ್ಟು ಒತ್ತಡದಲ್ಲಿದೆ ಎಂದು ತಿಳಿಯಲು ಇದನ್ನು ಮುಂದಿಟ್ಟರು. ಇದರ ಹಿಂದಿನ ಕೆಲಸ ಸರಳ. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಕಾರ್ಟಿಸಾಲ್, ಅಡ್ರಿನಲಿನ್ ಹಾರ್ಮೋನುಗಳು ಏರುತ್ತವೆ. ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಬಿಟ್ಟುಕೊಂಡು ರಕ್ತಕ್ಕೆ ಬರುತ್ತವೆ. ಮೂಳೆಯ ಮಜ್ಜೆಯೂ ಹೊಸದನ್ನು ಕಳಿಸುತ್ತದೆ. ಅದೇ ಹೊತ್ತಿಗೆ ಲಿಂಫೋಸೈಟ್‌ಗಳು ರಕ್ತ ಬಿಟ್ಟು ಬೇರೆ ಅಂಗಗಳಿಗೆ ಹೋಗುತ್ತವೆ, ಒಂದಷ್ಟು ಸಾಯುತ್ತವೆ. ಮೇಲಿನದು ಏರಿತು, ಕೆಳಗಿನದು ಇಳಿಯಿತು, ಭಾಗಾಕಾರ ದೊಡ್ಡದಾಯಿತು. ಆರೋಗ್ಯವಂತರಲ್ಲಿ ಇದು ಸುಮಾರಾಗಿ 1ರಿಂದ 3ರ ನಡುವೆ ಇರುತ್ತದೆ. ವಯಸ್ಸಾದವರಲ್ಲಿ, ಶುಗರ್ ಇರುವವರಲ್ಲಿ ಕಾಯಿಲೆ ಇಲ್ಲದಾಗಲೂ ಸ್ವಲ್ಪ ಮೇಲೇ ಇರಬಹುದು.

ನೀವು ಓದಿದ 3 ಎಂಬ ಗೆರೆ 2020ರ ಆರಂಭದ್ದು. ಬೀಜಿಂಗ್‌ನ ಒಂದು ಆಸ್ಪತ್ರೆಯಲ್ಲಿ ದಾಖಲಾದ ಕೋವಿಡ್ ರೋಗಿಗಳನ್ನು ನೋಡಿ, 50 ವರ್ಷ ದಾಟಿ ಎನ್‌ಎಲ್‌ಆರ್ 3.13 ಅಥವಾ ಮೇಲಿದ್ದವರಲ್ಲಿ ಕಾಯಿಲೆ ಗಂಭೀರವಾಗುವ ಸಾಧ್ಯತೆ ಜಾಸ್ತಿ ಎಂದು ಅಲ್ಲಿಯ ವೈದ್ಯರು ಹೇಳಿದರು. ರೋಗಿಗಳ ಸಂಖ್ಯೆ ಸಣ್ಣದು. ಹೊಸ ವೈರಸ್, ಲಸಿಕೆ ಇಲ್ಲದ ಕಾಲ, ಎಲ್ಲರೂ ಆಗಲೇ ಆಸ್ಪತ್ರೆಯಲ್ಲಿದ್ದವರು. ಅವರು ಮಾಡಿದ ಕೆಲಸ ಆ ಹೊತ್ತಿಗೆ ಬೇಕಾಗಿತ್ತು. ಆದರೆ ಆ ಗೆರೆಯನ್ನು ಎತ್ತಿಕೊಂಡು ಬಂದು ಮನೆಯಲ್ಲಿ ಗಂಜಿ ಕುಡಿಯುತ್ತ ಕೂತಿರುವ ನಿಮ್ಮ ಅಪ್ಪನ ಮೇಲೆ ಎಳೆಯುವುದು ಸರಿಯಲ್ಲ.

ಏಕೆ ಸರಿಯಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಇಡೀ ವಿಷಯದ ಗಂಟು ಇರುವುದೇ ಇಲ್ಲಿ. ಲೆಕ್ಕಕ್ಕೆ ಅಂತ ಒಂದು ಪರೀಕ್ಷೆ ಇಟ್ಟುಕೊಳ್ಳೋಣ. ಮುಂದೆ ಗಂಭೀರವಾಗುವ ನೂರು ಜನರಲ್ಲಿ 80 ಜನರನ್ನು ಅದು ಹಿಡಿಯುತ್ತದೆ. ಗಂಭೀರವಾಗದ ನೂರರಲ್ಲಿ 80 ಜನರಿಗೆ ಸರಿಯಾಗಿ ‘ಪರವಾಗಿಲ್ಲ’ ಎನ್ನುತ್ತದೆ. ಒಳ್ಳೆಯ ಪರೀಕ್ಷೆಯೇ ಅಲ್ವಾ? ಈಗ ನೆಗಡಿ, ಕೆಮ್ಮು, ಜ್ವರ ಎಂದು ಮನೆಯಲ್ಲಿರುವ 1000 ಜನರಿಗೆ ಮಾಡಿಸಿ. ಅವರಲ್ಲಿ 20 ಜನರಿಗೆ ಕಾಯಿಲೆ ಜೋರಾಗುತ್ತದೆ ಎಂದುಕೊಳ್ಳಿ. ಪರೀಕ್ಷೆ 16 ಜನರನ್ನು ಹಿಡಿಯಿತು. ಉಳಿದ 980ರಲ್ಲಿ 196 ಜನರಿಗೆ ಸುಮ್ನೆ ಭಯ ಹುಟ್ಟಿಸಿತು. ‘ಅಪಾಯ’ ಎಂದು ಬಂದ 212 ಜನರಲ್ಲಿ ನಿಜವಾದ ಅಪಾಯ ಇದ್ದದ್ದು 16 ಜನರಿಗೆ. ಅಂದರೆ 13 ಜನರಲ್ಲಿ ಒಬ್ಬರಿಗೆ.

ಅದೇ ಪರೀಕ್ಷೆಯನ್ನು ಆಸ್ಪತ್ರೆಯಲ್ಲಿ ಆಗಲೇ ಆಕ್ಸಿಜನ್ ಹಾಕಿಸಿಕೊಂಡ 1000 ಜನರಿಗೆ ಮಾಡಿ. ಅವರಲ್ಲಿ 300 ಜನ ಇನ್ನೂ ಕೆಡುತ್ತಾರೆ ಎನ್ನೋಣ. ಈಗ 240 ಜನ ಸರಿಯಾಗಿ ಸಿಕ್ಕರು, 140 ಜನರಿಗೆ ಸುಳ್ಳು ಎಚ್ಚರಿಕೆ. ‘ಅಪಾಯ’ ಎಂದ 380ರಲ್ಲಿ 240 ನಿಜ. ಪರೀಕ್ಷೆ ಒಂದೇ, ಮೆಷಿನ್ ಒಂದೇ. ಬದಲಾದದ್ದು ಯಾರಿಗೆ ಮಾಡಿದೆವು ಎಂಬುದು. ಆದ್ದರಿಂದಲೇ ರೋಗಿಯನ್ನು ನೋಡದೆ, ಬರೀ ರಿಪೋರ್ಟ್‌ನ ಫೋಟೋ ಕಳಿಸಿದರೆ ನಾವು ವೈದ್ಯರು ಏನೂ ಹೇಳಲು ಒಪ್ಪುವುದಿಲ್ಲ.

ಮೊದಲ ಲೆಕ್ಕದಲ್ಲಿ ಇನ್ನೊಂದು ಸಂಗತಿ ಇದೆ, ಅದು ನಿಮಗೆ ಕೆಲಸಕ್ಕೆ ಬರುತ್ತದೆ. ‘ಪರವಾಗಿಲ್ಲ’ ಎಂದು ಬಂದ 788 ಜನರಲ್ಲಿ ಆಮೇಲೆ ಕೆಟ್ಟವರು ನಾಲ್ಕೇ ಜನ. ಅಂದರೆ ಮನೆಯಲ್ಲಿ ಆರಾಮಾಗಿರುವವರಲ್ಲಿ ಈ ಅಂಕಿಗಳು ಸಹಜವಾಗಿ ಬಂದರೆ ಧೈರ್ಯ ತಂದುಕೊಳ್ಳಬಹುದು. ಜಾಸ್ತಿ ಬಂದರೆ ಅಷ್ಟೇ ಬಲವಾಗಿ ಹೆದರಬೇಕಾಗಿಲ್ಲ, ಇನ್ನೊಮ್ಮೆ ಸರಿಯಾಗಿ ನೋಡಬೇಕು.

ಈಗ ಆ ಮೆಡಿಕಲ್ ಶಾಪ್ ಮಾತ್ರೆಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆಯಾದದ್ದು ಆ ಸಾಲು. ಸ್ಟ್ರಿಪ್ ಅಥವಾ ಕವರ್ ಉಳಿದಿದ್ದರೆ ಹುಡುಕಿ, ಹಿಂಬದಿಯ ಸಣ್ಣ ಅಕ್ಷರ ಓದಿ. ಪ್ರೆಡ್ನಿಸೊಲೋನ್, ಮೀಥೈಲ್ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಡಿಫ್ಲಾಜಕಾರ್ಟ್ ಇವುಗಳಲ್ಲಿ ಯಾವುದಾದರೂ ಇದೆಯಾ? ಇವೆಲ್ಲ ಸ್ಟೆರಾಯ್ಡ್. ಕತ್ತರಿಸಿ ಪೊಟ್ಟಣ ಕಟ್ಟಿ ಕೊಡುವ ‘ಜ್ವರದ ಸೆಟ್’ನಲ್ಲಿ ಇವು ಸೇರಿಕೊಂಡಿರುವುದು ಅಪರೂಪವಲ್ಲ. ಒಂದೇ ಒಂದು ಡೋಸ್ ಹೋದರೂ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಏರುತ್ತದೆ, ಲಿಂಫೋಸೈಟ್ ಇಳಿಯುತ್ತದೆ. ಸೋಂಕು ಹೇಗಿದ್ದರೂ ಸರಿ, ಎನ್‌ಎಲ್‌ಆರ್ ಮಾತ್ರ ಮೇಲೆ ಹೋಗುತ್ತದೆ. ನಿಮ್ಮ ತಂದೆಯ 5.6ರಲ್ಲಿ ಎಷ್ಟು ಪಾಲು ಸೋಂಕಿನದು, ಎಷ್ಟು ಪಾಲು ಮಾತ್ರೆಯದು ಎಂದು ಆಗ ಯಾರೂ ಬಿಡಿಸಿ ಹೇಳಲಾರರು. ಸೋಂಕು ಇದ್ದಾಗ ರಕ್ತದಲ್ಲಿ ಏರುವ ಸಿಆರ್‌ಪಿ ವಿಷಯದಲ್ಲಿ ಇದು ಉಲ್ಟಾ. ಸ್ಟೆರಾಯ್ಡ್ ಅದನ್ನು ಇಳಿಸುತ್ತದೆ, ಒಳಗಿನ ತೊಂದರೆ ಮುಚ್ಚಿಹೋಗುತ್ತದೆ. ಜೊತೆಗೆ ಶುಗರ್ ಏರಿಸುತ್ತದೆ. ನಾಳೆ ಡಾಕ್ಟರ್ ಹತ್ತಿರ ಹೋಗುವಾಗ ರಿಪೋರ್ಟ್ ಮರೆತರೂ ಪರವಾಗಿಲ್ಲ, ಆ ಮಾತ್ರೆಯ ಚೂರು ಮರೆಯಬೇಡಿ.

ಸಿಆರ್‌ಪಿ ಬಗ್ಗೆ ನನಗೆ ಸ್ವಲ್ಪ ಹೆಚ್ಚು ಗೌರವವಿದೆ. ಅದು ಹುಟ್ಟಿದ್ದೇ ನ್ಯುಮೋನಿಯಾದಿಂದ. 1930ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ಇಬ್ಬರು, ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಒಂದು ವಸ್ತು ಇರುವುದನ್ನು ಕಂಡರು. ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ‘ಸಿ’ ಎಂಬ ಅಂಶಕ್ಕೆ ಅದು ಅಂಟಿಕೊಳ್ಳುತ್ತಿತ್ತು. ರೋಗಿ ಚೇತರಿಸಿಕೊಂಡಾಗ ಮಾಯವಾಗುತ್ತಿತ್ತು. ಅದೇ ಸಿ-ರಿಯಾಕ್ಟಿವ್ ಪ್ರೋಟೀನ್. ಇದನ್ನು ತಯಾರಿಸುವುದು ಲಿವರ್. ಸೋಂಕು ಶುರುವಾಗಿ ಆರೆಂಟು ಗಂಟೆಗೆ ಏರತೊಡಗುತ್ತದೆ, ಒಂದೂವರೆ ಎರಡು ದಿನಕ್ಕೆ ತುದಿ ಮುಟ್ಟುತ್ತದೆ. ತಯಾರಿಕೆ ನಿಂತರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಜ್ವರ ಬಂದ ಮೊದಲ ಕೆಲವೇ ಗಂಟೆಗಳಲ್ಲಿ ಸಿಆರ್‌ಪಿ ಕಡಿಮೆ ಬಂದರೆ ಅದಕ್ಕೆ ಬೆಲೆ ಇಲ್ಲ. ಜ್ವರ ಬಿಟ್ಟ ಮರುದಿನ ಇನ್ನೂ ಮೇಲಿದ್ದರೆ ಗಾಬರಿಯೂ ಬೇಡ. ಮಣ್ಣು ರಸ್ತೆಯಲ್ಲಿ ಲಾರಿ ಹೋದ ಮೇಲೂ ಧೂಳು ಸ್ವಲ್ಪ ಹೊತ್ತು ನಿಂತಿರುತ್ತದಲ್ಲ, ಹಾಗೆ.

ಅಂಕಿಯ ಪಕ್ಕದ ಅಳತೆಯನ್ನೂ ನೋಡಿ. ಕೆಲವು ಲ್ಯಾಬ್ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತವೆ, ಕೆಲವು ಡೆಸಿಲೀಟರಿಗೆ ಎಂದು. ಲೀಟರ್ ಲೆಕ್ಕದ 48, ಡೆಸಿಲೀಟರ್ ಲೆಕ್ಕದಲ್ಲಿ 4.8. ಇವತ್ತು ಒಂದು ಲ್ಯಾಬ್, ನಾಡಿದ್ದು ಇನ್ನೊಂದು ಲ್ಯಾಬ್ ಎಂದು ಹೋಗಿ, ‘48 ಇದ್ದದ್ದು 6ಕ್ಕೆ ಇಳಿಯಿತು’ ಎಂದು ಖುಷಿಪಡುವವರಿದ್ದಾರೆ. ಆ 6 ಡೆಸಿಲೀಟರ್ ಲೆಕ್ಕದ್ದಾಗಿದ್ದರೆ ನಿಜಕ್ಕೂ ಅದು 60, ಇಳಿದೇ ಇಲ್ಲ.

ನಿಮ್ಮ ತಂದೆಯದು ಲೀಟರ್ ಲೆಕ್ಕದ 48 ಎಂದು ಇಟ್ಟುಕೊಳ್ಳುತ್ತೇನೆ. ಬ್ರಿಟನ್‌ನಲ್ಲಿ ವೈದ್ಯರಿಗೆ ಚಿಕಿತ್ಸಾ ಸೂಚಿ ಕೊಡುವ ನೈಸ್ ಸಂಸ್ಥೆ 2014ರ ನ್ಯುಮೋನಿಯಾ ಸೂಚಿಯಲ್ಲಿ ಊರಿನ ಕ್ಲಿನಿಕ್ ವೈದ್ಯರಿಗೆ ಒಂದು ದಾರಿ ಹೇಳಿತ್ತು. ನ್ಯುಮೋನಿಯಾ ಹೌದೋ ಅಲ್ಲವೋ ಎಂದು ರೋಗಿಯನ್ನು ನೋಡಿದ ಮೇಲೂ ಅನುಮಾನ ಉಳಿದರೆ ಸಿಆರ್‌ಪಿ ಮಾಡಿ. 20ಕ್ಕಿಂತ ಕಡಿಮೆ ಇದ್ದರೆ ಆ್ಯಂಟಿಬಯೋಟಿಕ್ ಸಾಮಾನ್ಯವಾಗಿ ಬೇಡ. 100 ದಾಟಿದರೆ ಕೊಡಿ. ನಡುವೆ ಇದ್ದರೆ, ಕೆಟ್ಟರೆ ಮಾತ್ರ ತಗೊಳ್ಳಿ ಎಂದು ಚೀಟಿ ಬರೆದುಕೊಡಬಹುದು. 48 ಆ ನಡುವಿನ ಜಾಗದಲ್ಲಿದೆ. ಅಲ್ಲಿ ಅಂಕಿ ನಿರ್ಧಾರ ಮಾಡುವುದಿಲ್ಲ, ಸ್ಟೆತಸ್ಕೋಪ್ ಮತ್ತು ಎಕ್ಸ್‌ರೇ ಮಾಡುತ್ತವೆ. ಒಳ್ಳೆ ಜೋರು ಫ್ಲೂ ಬಂದರೂ 48 ಬರಬಹುದು, ನ್ಯುಮೋನಿಯಾದ ಆರಂಭದಲ್ಲೂ ಬರಬಹುದು.

ನನ್ನ ಪ್ರಕಾರ ನಿಮ್ಮ ರಿಪೋರ್ಟ್‌ನಲ್ಲಿ ಇರಬೇಕಾಗಿದ್ದು ಇಲ್ಲದ್ದು ಒಂದಿದೆ. ಬ್ಲಡ್ ಯೂರಿಯಾ. ತೀರಾ ಅಗ್ಗದ, ಹಳೆಯ ಪರೀಕ್ಷೆ. ತಾಲ್ಲೂಕು ಆಸ್ಪತ್ರೆಯ ಲ್ಯಾಬ್‌ನಲ್ಲೂ ಆಗುತ್ತದೆ. ಸೋಂಕು ಜೋರಾದಾಗ ನೀರಿನಂಶ ಕಡಿಮೆಯಾಗಿ, ಕಿಡ್ನಿಗೆ ರಕ್ತ ಸಾಲದೆ ಯೂರಿಯಾ ಏರುತ್ತದೆ. ಅಂದರೆ ಕಾಯಿಲೆ ಎದೆಯಿಂದ ಆಚೆಗೂ ಹೋಗಿದೆ ಎಂದು ಅದು ಹೇಳುತ್ತದೆ. 2003ರಲ್ಲಿ ಬ್ರಿಟನ್, ನ್ಯೂಜಿಲೆಂಡ್, ನೆದರ್ಲೆಂಡ್ಸ್‌ನ ರೋಗಿಗಳ ಮಾಹಿತಿಯಿಂದ ಮಾಡಿದ ಕರ್ಬ್-65 ಎಂಬ ಲೆಕ್ಕ ಇಂದಿಗೂ ಜಗತ್ತಿನ ತುಂಬ ಬಳಕೆಯಲ್ಲಿದೆ. ಗೊಂದಲದ ಮಾತು, ಏರಿದ ಯೂರಿಯಾ, ನಿಮಿಷಕ್ಕೆ 30 ಅಥವಾ ಹೆಚ್ಚು ಉಸಿರು, ಇಳಿದ ಬಿಪಿ, 65 ಅಥವಾ ಹೆಚ್ಚಿನ ವಯಸ್ಸು. ಒಂದೊಂದಕ್ಕೆ ಒಂದು ಅಂಕ. ಸೊನ್ನೆ ಬಂದ ನ್ಯುಮೋನಿಯಾ ರೋಗಿಗಳಲ್ಲಿ ತಿಂಗಳೊಳಗೆ ಸಾವು ನೂರಕ್ಕೆ ಒಂದಕ್ಕಿಂತ ಕಡಿಮೆ. ಎರಡು ಬಂದರೆ ಆಸ್ಪತ್ರೆಯ ಬಗ್ಗೆ ಯೋಚಿಸುತ್ತೇವೆ. ಮೂರು ದಾಟಿದರೆ ಐಸಿಯು ಹತ್ತಿರ ಇರಬೇಕು ಎಂದು ನೋಡುತ್ತೇವೆ. ಐದರಲ್ಲಿ ರಕ್ತ ಪರೀಕ್ಷೆ ಒಂದೇ ಎಂಬುದನ್ನು ಗಮನಿಸಿ. ಅದನ್ನೂ ಬಿಟ್ಟು ನಾಲ್ಕರಲ್ಲೇ ಲೆಕ್ಕ ಹಾಕುವ ರೂಪವೂ ಇದೆ, ಲ್ಯಾಬ್ ಇಲ್ಲದ ಕ್ಲಿನಿಕ್‌ಗಳಿಗಾಗಿ.

ನಿಮ್ಮ ತಂದೆಗೆ ವಯಸ್ಸಿನಿಂದಲೇ ಒಂದು ಅಂಕ ಬಂದಿದೆ. ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಂಡು, ಯೂರಿಯಾ ಕೂಡ ಗೆರೆ ದಾಟಿದ್ದರೆ ಎರಡಾಗುತ್ತದೆ. ಆಗ ಅಡ್ಮಿಟ್ ಮಾಡುವ ಮಾತು ಬರುತ್ತದೆ. ಆ ಗೆರೆ ನಮ್ಮ ಲ್ಯಾಬ್‌ಗಳ ಅಳತೆಯಲ್ಲಿ ಬ್ಲಡ್ ಯೂರಿಯಾ ಡೆಸಿಲೀಟರಿಗೆ 42 ಮಿಲಿಗ್ರಾಂ. ರಿಪೋರ್ಟ್‌ನಲ್ಲಿ ಬಿಯುಎನ್ (ಯೂರಿಯಾದೊಳಗಿನ ಸಾರಜನಕದ ಅಳತೆ) ಎಂದಿದ್ದರೆ ಸುಮಾರು 20. ಎರಡೂ ಒಂದೇ ಎಂದು ಓದಬೇಡಿ, ಯೂರಿಯಾ ಅಂಕಿ ಬಿಯುಎನ್‌ನ ಎರಡು ಪಟ್ಟಿಗಿಂತ ತುಸು ಜಾಸ್ತಿ. ಹತ್ತು ವರ್ಷದ ಶುಗರ್‌ನಿಂದ ಕಿಡ್ನಿ ಮೊದಲೇ ಸ್ವಲ್ಪ ಬಳಲಿದ್ದರೆ ಯೂರಿಯಾ ಯಾವಾಗಲೂ ಮೇಲೇ ಇರುತ್ತದೆ. ಹಳೆಯ ರಿಪೋರ್ಟ್ ಇದ್ದರೆ ತೆಗೆದುಕೊಂಡು ಹೋಗಿ, ಹೋಲಿಸಿ ನೋಡಲು ಬೇಕಾಗುತ್ತದೆ.

ಕೋವಿಡ್ ಬಂದ ಮೇಲೆ ಇಂಥ ಲೆಕ್ಕಗಳು ನೂರಾರು ಹುಟ್ಟಿದವು. ಎರಡರ ಕಥೆ ಹೇಳುತ್ತೇನೆ. ವುಹಾನ್‌ನ ರೋಗಿಗಳ ಮಾಹಿತಿ ಇಟ್ಟುಕೊಂಡು, 2020ರ ಮೇ ತಿಂಗಳಲ್ಲಿ ಒಂದು ತಂಡ ಎಲ್‌ಡಿಎಚ್ (ಜೀವಕೋಶ ಒಡೆದಾಗ ರಕ್ತಕ್ಕೆ ಬರುವ ಕಿಣ್ವ), ಲಿಂಫೋಸೈಟ್, ಸಿಆರ್‌ಪಿ ಈ ಮೂರೇ ಸಾಕು, ಹತ್ತು ದಿನ ಮೊದಲೇ ಸಾವನ್ನು ನೂರಕ್ಕೆ 90ಕ್ಕಿಂತ ಜಾಸ್ತಿ ಸರಿಯಾಗಿ ಹೇಳಬಹುದು ಎಂದಿತು. ಜಗತ್ತಿನಾದ್ಯಂತ ಸುದ್ದಿಯಾಯಿತು. ಆಮೇಲೆ ನೆದರ್ಲೆಂಡ್ಸ್, ಫ್ರಾನ್ಸ್, ನ್ಯೂಯಾರ್ಕ್‌ನ ವೈದ್ಯರು ತಮ್ಮ ರೋಗಿಗಳ ಮೇಲೆ ಅದೇ ಲೆಕ್ಕ ಹಾಕಿ ನೋಡಿದರು. ಅಷ್ಟು ಚೆನ್ನಾಗಿ ಕೆಲಸ ಮಾಡಲಿಲ್ಲ. ಒಂದು ಊರಿನ ಆಸ್ಪತ್ರೆಗೆ ಯಾರು ಬರುತ್ತಾರೆ, ಎಷ್ಟು ತಡವಾಗಿ ಬರುತ್ತಾರೆ, ರಕ್ತ ಯಾವಾಗ ತೆಗೆಯುತ್ತಾರೆ ಎಂಬುದೆಲ್ಲ ಆ ಲೆಕ್ಕದೊಳಗೆ ಗೊತ್ತಿಲ್ಲದೆ ಸೇರಿಕೊಂಡಿರುತ್ತದೆ.

ಇನ್ನೊಂದು ಬ್ರಿಟನ್‌ನದು, 4ಸಿ ಎಂದು ಹೆಸರು. ಅಲ್ಲಿಯ 260 ಆಸ್ಪತ್ರೆಗಳ 35 ಸಾವಿರಕ್ಕೂ ಹೆಚ್ಚು ರೋಗಿಗಳಿಂದ ಲೆಕ್ಕ ಕಟ್ಟಿ, ಬೇರೆ 22 ಸಾವಿರ ರೋಗಿಗಳ ಮೇಲೆ ಪರೀಕ್ಷಿಸಿ, ಆಮೇಲೆ ಪ್ರಕಟಿಸಿದರು. ಎಂಟು ಅಂಶಗಳು: ವಯಸ್ಸು, ಗಂಡೋ ಹೆಣ್ಣೋ, ಬೇರೆ ಕಾಯಿಲೆಗಳು, ಉಸಿರಿನ ವೇಗ, ಆಕ್ಸಿಜನ್, ಪ್ರಜ್ಞೆ, ಯೂರಿಯಾ, ಸಿಆರ್‌ಪಿ. ಒಟ್ಟು 21 ಅಂಕ. ಮೂರು ಅಥವಾ ಕಡಿಮೆ ಬಂದವರಲ್ಲಿ ಸಾವು ನೂರಕ್ಕೆ ಸುಮಾರು ಒಂದು, 15 ಅಥವಾ ಹೆಚ್ಚು ಬಂದವರಲ್ಲಿ 60ಕ್ಕೂ ಮೇಲೆ. ಇದು ಲಸಿಕೆ ಬರುವ ಮೊದಲಿನ, ಆಸ್ಪತ್ರೆ ಸೇರಿದವರ ಮಾತು. ಇಷ್ಟು ದೊಡ್ಡ ಅಧ್ಯಯನ ಜರಡಿ ಹಿಡಿದ ಮೇಲೂ ರಕ್ತದಿಂದ ಉಳಿದದ್ದು ಎರಡೇ ಪರೀಕ್ಷೆ, ಯೂರಿಯಾ ಮತ್ತು ಸಿಆರ್‌ಪಿ. ಎರಡೂ ದುಬಾರಿಯಲ್ಲ. ಪ್ಯಾಕೇಜ್ ತಗೊಳ್ಳಬೇಕಾ ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಉಳಿದರ್ಧ ಹೇಳುತ್ತೇನೆ. ಡಿ-ಡೈಮರ್ ರಕ್ತ ಹೆಪ್ಪುಗಟ್ಟಿ ಕರಗುವಾಗ ಬರುವ ಚೂರು. ವುಹಾನ್‌ನ 191 ರೋಗಿಗಳ ಅಧ್ಯಯನದಲ್ಲಿ, ದಾಖಲಾದ ದಿನ ಅದು ಮಿಲಿಲೀಟರಿಗೆ 1 ಮೈಕ್ರೋಗ್ರಾಂ ದಾಟಿದ್ದವರಲ್ಲಿ ಸಾವು ಜಾಸ್ತಿ ಕಂಡಿತ್ತು. ಅಲ್ಲಿಂದ ಅದು ಎಲ್ಲ ಪ್ಯಾಕೇಜ್‌ಗಳಿಗೂ ಬಂತು. ಆದರೆ ವಯಸ್ಸಾದರೆ, ಗರ್ಭಿಣಿಯಾದರೆ, ಆಪರೇಷನ್ ಆಗಿದ್ದರೆ, ಯಾವುದೇ ಸೋಂಕಿದ್ದರೆ ಅದು ಏರುತ್ತದೆ. ಲ್ಯಾಬ್‌ನಿಂದ ಲ್ಯಾಬ್‌ಗೆ ಅಳತೆಯೂ ಬೇರೆ. ಒಂದು ವಿಧಾನದ ಅಂಕಿ ಇನ್ನೊಂದರ ಸುಮಾರು ಎರಡು ಪಟ್ಟು. ಅದಕ್ಕೆ ರಕ್ತ ತೆಗೆಯುವ ನೀಲಿ ಮುಚ್ಚಳದ ಟ್ಯೂಬ್ ಗೆರೆಯವರೆಗೆ ಸರಿಯಾಗಿ ತುಂಬದಿದ್ದರೂ ಫಲಿತಾಂಶ ಕೆಡಬಹುದು. ಎಲ್‌ಡಿಎಚ್‌ನ ಕಷ್ಟ ಇನ್ನೊಂದು ಥರ. ನರ ಸಿಗದೆ ಸೂಜಿ ಆಡಿಸಿ, ಸಿರಿಂಜ್ ಜೋರಾಗಿ ಎಳೆದು ರಕ್ತ ತೆಗೆದರೆ ಕೆಂಪುಕಣ ಒಡೆಯುತ್ತದೆ. ಅದರೊಳಗಿನ ಎಲ್‌ಡಿಎಚ್ ಎಲ್ಲ ಹೊರಬಂದು ಸುಳ್ಳು ಅಂಕಿ ಬರುತ್ತದೆ. ಕಾಲು ಒಂದೇ ಕಡೆ ಊದಿ ನೋಯುತ್ತಿದೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿತು, ಎದೆ ಚುಚ್ಚುತ್ತಿದೆ ಎಂದರೆ ಡಿ-ಡೈಮರ್‌ಗೆ ಅರ್ಥವಿದೆ. ಆರಾಮಾಗಿ ಕೂತವರಿಗೆ ಈ ಪ್ಯಾಕೇಜ್ ಬೇಡ.

ಈ ಮಾತನ್ನು ಇಷ್ಟು ಒತ್ತಿ ಹೇಳಲು 2021 ಕಾರಣ. ಆ ಏಪ್ರಿಲ್, ಮೇ ತಿಂಗಳಲ್ಲಿ ಕೋವಿಡ್ ಪಾಸಿಟಿವ್ ಬಂದ ದಿನವೇ ಜನ ಈ ಪ್ಯಾಕೇಜ್ ಮಾಡಿಸಿದರು. ಸಿಆರ್‌ಪಿ ಸ್ವಲ್ಪ ಏರಿದ್ದಕ್ಕೇ ಮನೆಯಲ್ಲೇ ಸ್ಟೆರಾಯ್ಡ್ ಶುರು ಮಾಡಿದರು. ಆಗ ದೆಹಲಿ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ, ಸೌಮ್ಯ ಕಾಯಿಲೆ ಇರುವವರು ಸಿಟಿ ಸ್ಕ್ಯಾನ್‌ಗೂ ಇಂಥ ರಕ್ತ ಪರೀಕ್ಷೆಗಳಿಗೂ ಓಡಬೇಡಿ, ಅದರಿಂದ ಬೇಡದ ಚಿಕಿತ್ಸೆ ಜಾಸ್ತಿಯಾಗುತ್ತದೆ ಎಂದು ಬಹಿರಂಗವಾಗಿ ಕೇಳಿಕೊಂಡರು. ಬ್ರಿಟನ್‌ನ ರಿಕವರಿ ಅಧ್ಯಯನ 2020ರ ಜೂನ್‌ನಲ್ಲೇ ವಿಷಯ ಸ್ಪಷ್ಟ ಮಾಡಿತ್ತು. ಡೆಕ್ಸಾಮೆಥಾಸೋನ್ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರನೇ ಒಂದರಷ್ಟು, ಆಕ್ಸಿಜನ್ ಬೇಕಾದವರ ಸಾವನ್ನು ಐದನೇ ಒಂದರಷ್ಟು ತಗ್ಗಿಸಿತು. ಆಕ್ಸಿಜನ್ ಬೇಡದವರಿಗೆ ಲಾಭ ಇರಲಿಲ್ಲ. ಮುಂದೆ ಅದೇ ಅಧ್ಯಯನದಲ್ಲಿ ಟೊಸಿಲಿಜುಮ್ಯಾಬ್ ಎಂಬ ದುಬಾರಿ ಔಷಧಿ ಪರೀಕ್ಷಿಸಿದಾಗ ಸಿಆರ್‌ಪಿ 75 ಅಥವಾ ಮೇಲೆ ಎಂಬ ಗೆರೆ ಇಟ್ಟರು. ಅದೂ ಆಕ್ಸಿಜನ್ 92ಕ್ಕಿಂತ ಕೆಳಗಿದ್ದವರಿಗೆ, ಅಥವಾ ಆಗಲೇ ಆಕ್ಸಿಜನ್ ಪಡೆಯುತ್ತಿದ್ದವರಿಗೆ. ಸಿಆರ್‌ಪಿ ಎಂದೂ ಒಂಟಿಯಾಗಿ ತೀರ್ಪು ಕೊಡಲಿಲ್ಲ. ನಮ್ಮಲ್ಲಿ ಒಂಟಿ ಅಂಕಿ ನೋಡಿ ಸ್ಟೆರಾಯ್ಡ್ ಕೊಟ್ಟದ್ದು, ಶುಗರ್ ಏರಿದ್ದು, ಆಮೇಲೆ ಕಪ್ಪು ಶಿಲೀಂಧ್ರದಿಂದ ಕಣ್ಣು, ಜೀವ ಕಳೆದುಕೊಂಡವರ ನೋವು ಇನ್ನೂ ಮರೆತಿಲ್ಲ. ನಿಮ್ಮ ತಂದೆಗೆ ಶುಗರ್ ಇದೆ. ಡಾಕ್ಟರ್ ನೋಡಿ ಬರೆಯದೆ ಒಂದು ಸ್ಟೆರಾಯ್ಡ್ ಮಾತ್ರೆಯೂ ಅವರ ಬಾಯಿಗೆ ಹೋಗಬಾರದು.

ಸಿಬಿಸಿಯಲ್ಲಿ ಇನ್ನೊಂದು ಅಂಕಿ ಇದೆ, ಆರ್‌ಡಿಡಬ್ಲ್ಯು. ಕೆಂಪುಕಣಗಳ ಗಾತ್ರದಲ್ಲಿ ಎಷ್ಟು ಏರುಪೇರಿದೆ ಎಂದು ಹೇಳುತ್ತದೆ. ಬಾಸ್ಟನ್ ಸುತ್ತಲಿನ ಆಸ್ಪತ್ರೆಗಳಲ್ಲಿ 2020ರಲ್ಲಿ ಇದು 14.5 ದಾಟಿದ್ದ ಕೋವಿಡ್ ರೋಗಿಗಳಲ್ಲಿ ಸಾವು ನೂರಕ್ಕೆ 31, ಉಳಿದವರಲ್ಲಿ 11 ಇತ್ತು. ಇದನ್ನು ಓದಿದವರು ನಮ್ಮಲ್ಲೂ ಇದನ್ನು ಹುಡುಕತೊಡಗಿದರು. ಆದರೆ ಕಬ್ಬಿಣದ ಕೊರತೆ ಇದ್ದರೂ ಆರ್‌ಡಿಡಬ್ಲ್ಯು ಏರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಬಾಸ್ಟನ್‌ನ ಗೆರೆ ಹಿಡಿದರೆ ನಮ್ಮ ಎಷ್ಟೋ ಹೆಣ್ಣುಮಕ್ಕಳು ಕೆಮ್ಮು ಬರುವ ಮೊದಲೇ ‘ಅಪಾಯ’ದಲ್ಲಿರುತ್ತಾರೆ! ಇದು ನಮ್ಮ ಜನರ ಮೇಲೆ ನಾವೇ ಅಧ್ಯಯನ ಮಾಡಿ ಗೆರೆ ಹಾಕಿಕೊಳ್ಳಬೇಕಾದ ಕೆಲಸ.

ಹಾಗಾದರೆ ಈ ಅಂಕಿಗಳು ಎಲ್ಲಿ ನಿಜವಾಗಿ ಉಪಯೋಗ? ಎರಡನೇ ಸಲ ಮಾಡಿಸಿದಾಗ. ಎಡಿನ್‌ಬರೋದ ವೈದ್ಯರು 2008ರಲ್ಲಿ ನ್ಯುಮೋನಿಯಾ ರೋಗಿಗಳಲ್ಲಿ ಕಂಡದ್ದು ಇದು: ಚಿಕಿತ್ಸೆ ಶುರುವಾದ ನಾಲ್ಕನೇ ದಿನಕ್ಕೆ ಸಿಆರ್‌ಪಿ ಅರ್ಧಕ್ಕೂ ಇಳಿಯದಿದ್ದರೆ ಸಾವು ಮತ್ತು ತೊಂದರೆ ಜಾಸ್ತಿ. ಮನೆಯಲ್ಲಿರುವವರಿಗೂ ಇದೇ ದಾರಿ. ನಾಳೆ ಡಾಕ್ಟರ್ ನೋಡಿ, ಎಕ್ಸ್‌ರೇ ಚೆನ್ನಾಗಿದೆ, ಮನೆಯಲ್ಲೇ ಇರಲಿ ಎಂದರೆ, ಎರಡು ದಿನ ಬಿಟ್ಟು ಅದೇ ಲ್ಯಾಬ್‌ನಲ್ಲಿ ಸಿಬಿಸಿ, ಸಿಆರ್‌ಪಿ, ಯೂರಿಯಾ ಮಾಡಿಸಿ. 5.6 ಇದ್ದದ್ದು 4ಕ್ಕೆ, 48 ಇದ್ದದ್ದು 25ಕ್ಕೆ ಬಂದು ಊಟ ಸೇರುತ್ತಿದ್ದರೆ ದಾರಿ ಸರಿಯಿದೆ. 5.6 ಇದ್ದದ್ದು 9, 48 ಇದ್ದದ್ದು 110 ಆಗಿದ್ದರೆ ಆಕ್ಸಿಜನ್ 96 ಇದ್ದರೂ ಮತ್ತೆ ಡಾಕ್ಟರ್ ಹತ್ತಿರ ಹೋಗಿ. ಸಿಬಿಸಿಯಲ್ಲಿ ಇಯೊಸಿನೋಫಿಲ್ ಎಂಬ ಇನ್ನೊಂದು ಬಿಳಿ ರಕ್ತಕಣದ ಸಾಲನ್ನೂ ಒಮ್ಮೆ ನೋಡಿ. ಸೋಂಕು ಜೋರಿದ್ದಾಗ ಅದು ಸೊನ್ನೆಯ ಹತ್ತಿರ ಇರುತ್ತದೆ, ಸುಧಾರಿಸತೊಡಗಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಅಡ್ಮಿಟ್ ಆದವರ ರಿಪೋರ್ಟ್ ಓದುವಾಗ ಆ ಸಣ್ಣ ಅಂಕಿ 0ಯಿಂದ 2ಕ್ಕೆ ಬಂದದ್ದು ಕಂಡರೆ ನನಗೆ ಸಮಾಧಾನವಾಗುತ್ತದೆ.

ಈ ದಿನಗಳಲ್ಲಿ ಬೆಳಿಗ್ಗೆ, ಸಂಜೆ ಉಸಿರಿನ ಎಣಿಕೆ, ಆಕ್ಸಿಜನ್, ಜ್ವರ, ಶುಗರ್ ಒಂದು ಹಾಳೆಯಲ್ಲಿ ಬರೆದಿಡಿ. ಫ್ಲೂ, ಕೋವಿಡ್ ಎರಡರಲ್ಲೂ ಮೊದಲು ಸುಧಾರಿಸಿದಂತೆ ಕಂಡು ಮತ್ತೆ ಕೆಡುವುದುಂಟು. ಕೋವಿಡ್‌ನಲ್ಲಿ ಐದರಿಂದ ಹತ್ತನೇ ದಿನದ ನಡುವೆ ಹೆಚ್ಚು ಎಚ್ಚರ ಬೇಕು. ನಿಮ್ಮ ತಂದೆ ಈಗ ನಾಲ್ಕನೇ ದಿನದಲ್ಲಿದ್ದಾರೆ. ಕೋವಿಡ್, ಫ್ಲೂ ಪರೀಕ್ಷೆ ಬೇಕಾ ಎಂದೂ ನಾಳೆ ಕೇಳಿ. ಫ್ಲೂ ಆಗಿದ್ದರೆ ಅದಕ್ಕೆ ಔಷಧಿ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು.

ಇನ್ನು ನಿಮ್ಮ ಮಗಳು. ಮೂರು ವರ್ಷದ ಮಗುವಿನಲ್ಲಿ ಲಿಂಫೋಸೈಟ್ 56 ಪೂರ್ತಿ ಸಹಜ. ನಾಲ್ಕೈದು ವರ್ಷದವರೆಗೆ ಮಕ್ಕಳ ರಕ್ತದಲ್ಲಿ ನ್ಯೂಟ್ರೋಫಿಲ್‌ಗಿಂತ ಲಿಂಫೋಸೈಟೇ ಜಾಸ್ತಿ. ಲ್ಯಾಬ್‌ನ ಕಂಪ್ಯೂಟರ್ ದೊಡ್ಡವರ ಗೆರೆ ಹಿಡಿದು ದಪ್ಪ ಅಕ್ಷರ ಹಾಕಿದೆ, ಅಷ್ಟೆ. ಅವಳಿಗೆ ಎನ್‌ಎಲ್‌ಆರ್ ಲೆಕ್ಕ ಹಾಕಲೇಬೇಡಿ, ಮತ್ತೆ ಮತ್ತೆ ಸೂಜಿ ಚುಚ್ಚಿಸಲೂಬೇಡಿ. ಅವಳಿಗೂ ಉಸಿರು ಎಣಿಸಿ, ಅಳದೆ ಇರುವಾಗ ಅಥವಾ ಮಲಗಿದ್ದಾಗ, ಪೂರ್ತಿ ಒಂದು ನಿಮಿಷ. ಒಂದರಿಂದ ಐದು ವರ್ಷದೊಳಗಿನ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಗೆರೆ 40. ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಅದಕ್ಕೂ ಚಿಕ್ಕ ಕೂಸಿಗೆ 60. ನಿಮ್ಮೂರಿನ ಆಶಾ ಕಾರ್ಯಕರ್ತೆಗೂ ಈ ಎಣಿಕೆ ಗೊತ್ತಿರುತ್ತದೆ, ಕೇಳಿ. ಅಂಗಿ ಎತ್ತಿ ನೋಡಿ, ಉಸಿರು ಎಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ, ಏನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಫಿಟ್ಸ್ ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಬರೀ ಜ್ವರಕ್ಕೂ ಉಸಿರು ಸ್ವಲ್ಪ ಏರುತ್ತದೆ. ಮಿಕ್ಕೆಲ್ಲ ಚೆನ್ನಾಗಿದ್ದು ಎಣಿಕೆ ಮಾತ್ರ ಜಾಸ್ತಿ ಬಂದರೆ, ಅವಳ ತೂಕಕ್ಕೆ ಡಾಕ್ಟರ್ ಹೇಳಿದಷ್ಟು ಪ್ಯಾರಾಸಿಟಮಾಲ್ ಕೊಟ್ಟು, ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಆಗಲೂ 40 ಅಥವಾ ಮೇಲಿದ್ದರೆ ಅದೇ ದಿನ ಮಕ್ಕಳ ಡಾಕ್ಟರ್‌ಗೆ ತೋರಿಸಿ.